ಹಿಂದಿನ ಗಾಜಿನ ಮೇಲೆ ಉತ್ಕರ್ಷ

ಲಾಸಲಗಾಂವ ಶಾಖೆಯಲ್ಲಿ ವಾಹನ ಸಾಲದ ಮೇಜು ಸುಧೀರನದು. ಹಳೆಯ ಟೆಂಪೊ ಕೊಳ್ಳಲು ಸಾಲ ಬೇಕೆಂದು ಈರುಳ್ಳಿ ವ್ಯಾಪಾರಿಗಳು ಎದುರಿಗೆ ಕೂತರೆ, ಅವನು ಚಷ್ಮವನ್ನು ಮೂಗಿನ ತುದಿಗೆ ಇಳಿಸಿ, ಗಾಡಿ ಯಾರ ಹೆಸರಿನಲ್ಲಿದೆ, ಮಾರುವವನು ಯಾಕೆ ಮಾರುತ್ತಿದ್ದಾನೆ, ಯಾವ ಮೆಕ್ಯಾನಿಕ್ ನೋಡಿದ್ದಾನೆ ಎಂದು ಒಂದೊಂದಾಗಿ ಕೇಳುತ್ತಿದ್ದ. ಉತ್ತರ ಸರಿ ಬರದಿದ್ದರೆ ಅರ್ಜಿಯನ್ನು ಸತ್ತ ಜಿರಲೆ ಎತ್ತಿದಂತೆ ಎರಡು ಬೆರಳಿನಿಂದ ಎತ್ತಿ ವಾಪಸು ಕೊಡುತ್ತಿದ್ದ. ಮೂವತ್ತು ತುಂಬುವ ಮೊದಲೇ ಮಾರ್ಕೆಟ್ಟಿನಲ್ಲಿ ‘ಖಡೂಸ್ ಸಾಹೇಬ’, ಅಂದರೆ ಬಿಗಿ ಸಾಹೇಬ, ಎಂದು ಹೆಸರಾಗಿದ್ದ. ಆ ಹೆಸರಿನ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಇಂಥ ಖಡೂಸ್ ಸಾಹೇಬರು ತಮ್ಮ ಸ್ವಂತ ಕಾರನ್ನು ಕೊಂಡದ್ದು ಒಂದು ತಟ್ಟೆ ಚುರುಮುರಿ ಸುಸಲ ಮತ್ತು ಒಂದು ತೆಂಗಿನಕಾಯಿಯ ಆಧಾರದ ಮೇಲೆ.

ಅದಕ್ಕೊಂದು ಕಾರಣವಿತ್ತು. ವರ್ಗವಾಗಿ ಊರೂರು ತಿರುಗುವ ಕನ್ನಡದ ಬ್ಯಾಂಕಿನವರಲ್ಲಿ ಒಂದು ರೂಢಿಯಿದೆ. ಊರು ಬಿಟ್ಟು ಹೋಗುವವರು ಬರುವವರಿಗೆ ಮನೆಯ ‘ಚಾರ್ಜ್’ ಕೊಟ್ಟು ಹೋಗುತ್ತಾರೆ. ಗ್ಯಾಸಿನ ಸಿಲಿಂಡರು, ಗಾದಿ, ಕೂಲರು, ಹಾಲಿನವನು, ಕೆಲಸದವಳು, ಕೊನೆಗೆ ತುಳಸಿಯ ಕುಂಡವೂ ಹಾಗೆ ಕೈಯಿಂದ ಕೈಗೆ ಹೋಗುತ್ತವೆ. ಹೇಳಿದ್ದು ಬೆಲೆ. ಚೌಕಾಸಿ ಮಾಡಿದರೆ ಅಪಮಾನ. ರಸೀದಿ ಕೇಳಿದರೆ ಅದಕ್ಕಿಂತ ದೊಡ್ಡ ಅಪಮಾನ. ಸುಧೀರನ ಮನೆಯಲ್ಲಿದ್ದ ಕುಕ್ಕರು ಅವನಿಗಿಂತ ಹೆಚ್ಚು ಊರು ನೋಡಿತ್ತು.

ಈ ರೂಢಿಯನ್ನು ಅವನಿಗೆ ಕಲಿಸಿದವರು ಪ್ರಭಾಕರರಾಯರು. ನೌಕರಿಗೆ ಸೇರಿದ ಹೊಸದರಲ್ಲಿ ಅವನಿಗೆ ಔರಂಗಾಬಾದಿನಲ್ಲಿ ತರಬೇತಿ ಹಾಕಿದ್ದರು. ಆಗ ಆ ಊರಿಗೆ ಇನ್ನೂ ಹೊಸ ಹೆಸರು ಬಂದಿರಲಿಲ್ಲ; ಸಂಭಾಜಿನಗರ ಎನ್ನುವವರು ಎನ್ನುತ್ತಿದ್ದರು, ಬಸ್ಸಿನ ಬೋರ್ಡು ಔರಂಗಾಬಾದ್ ಎಂದೇ ಹೇಳುತ್ತಿತ್ತು. ರಾಯರು ಅದೇ ಬ್ಯಾಂಕಿನಲ್ಲಿ ಹಿರಿಯ ಅಧಿಕಾರಿ, ಧಾರವಾಡದವರು. ಗದುಗಿನಿಂದ ಬಂದ ಈ ಹುಡುಗ ಮೆಸ್ಸಿನ ಊಟಕ್ಕೆ ಹೊಟ್ಟೆ ಕೆಡಿಸಿಕೊಂಡು ಮೂಲೆಯಲ್ಲಿ ಕೂತದ್ದನ್ನು ನೋಡಿ ಮನೆಗೆ ಕರೆದುಕೊಂಡು ಹೋದರು. ಅಂದಿನಿಂದ ಅವನ ಭಾನುವಾರಗಳೆಲ್ಲ ಅವರ ಮನೆಯಲ್ಲಿ. ಅವನಿಗೆ ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದಾಗ ರಾಯರ ಹೆಂಡತಿ ಭಾನುಮತಿ ಬೇವಿನ ಸೊಪ್ಪು ಹಾಸಿ ಮಲಗಿಸಿ, ಗಂಜಿ ಕುಡಿಸಿ, ಮಗ ಉತ್ಕರ್ಷನನ್ನು ಪಕ್ಕದ ಮನೆಗೆ ಕಳಿಸಿ ಇವನನ್ನು ಉಳಿಸಿಕೊಂಡಿದ್ದರು. ರಾಯರು ಅವನನ್ನು ‘ತಮ್ಮಾ’ ಎನ್ನುತ್ತಿದ್ದರು, ಅವನು ಭಾನುಮತಿಯನ್ನು ‘ವೈನಿ’, ಅಂದರೆ ಅತ್ತಿಗೆ, ಎನ್ನುತ್ತಿದ್ದ. ಸುಧೀರನಿಗೆ ಸ್ವಂತ ಅಣ್ಣ ಇರಲಿಲ್ಲ. ಆ ಜಾಗವನ್ನು ಅವನು ಅರ್ಜಿಯೇ ಇಲ್ಲದೆ ಮಂಜೂರು ಮಾಡಿಬಿಟ್ಟ.

ಮುಂದೆ ಅವನಿಗೆ ಲಾಸಲಗಾಂವಕ್ಕೆ ವರ್ಗವಾಯಿತು, ಮದುವೆಯಾಯಿತು, ಹೆಂಡತಿ ಶರ್ವಾಣಿಯೊಂದಿಗೆ ನಾಸಿಕದಲ್ಲಿ ಮನೆ ಮಾಡಿದ. ದಿನವೂ ಸ್ಕೂಟರಿನ ಮೇಲೆ ಹೋಗಿ ಬರುವುದು. 2009ರ ಸಂಕ್ರಾಂತಿಗೆ ರಾಯರು ಫೋನು ಮಾಡಿದರು.

“ತಮ್ಮಾ, ಇನ್ನೆಷ್ಟು ದಿನ ಆ ಉಳ್ಳಾಗಡ್ಡಿ ಟ್ರ್ಯಾಕ್ಟರಿನ ಹಿಂದ ಧೂಳ ಕುಡೀತಿ? ನಮ್ಮ ಉತ್ಕರ್ಷನ ಕಾರು ಕೊಡೂದದ. ಹೊರಗಿನವ್ರಿಗೆ ಕೊಡ್ಲಿಕ್ಕೆ ನಿಮ್ಮ ವೈನಿ ಮನಸ್ಸು ಒಪ್ಪವಲ್ದು.”

ರಾಯರಿಗೆ ಕಾರಿನ ಹುಚ್ಚು ಎಂಬುದು ಔರಂಗಾಬಾದಿನ ಕನ್ನಡ ಬಳಗದಲ್ಲಿ ಎಲ್ಲರಿಗೂ ಗೊತ್ತಿತ್ತು. ವರ್ಷಕ್ಕೆ ಎರಡು ಮೂರು ಸಲ ಅವರ ಮನೆಯ ಮುಂದೆ ಬೇರೆ ಬೇರೆ ಕಾರು ನಿಲ್ಲುತ್ತಿತ್ತು. ಕೆಲವರು ಅಂಗಿ ಬದಲಿಸಿದ ಹಾಗೆ ಇವರು ಕಾರು ಬದಲಿಸುತ್ತಾರೆ ಎಂದು ಬಳಗದವರು ಮೆಚ್ಚಿ ನಗುತ್ತಿದ್ದರು. ಸುಧೀರನೂ ನಗುತ್ತಿದ್ದ. ಅಷ್ಟು ಸಂಬಳದಲ್ಲಿ ಅಷ್ಟು ಅಂಗಿ ಹೇಗೆ ಎಂದು ಲೆಕ್ಕದವನಾದ ಅವನಿಗೂ ಹೊಳೆಯಲಿಲ್ಲ.

ಗಂಡ ಹೆಂಡತಿ ಔರಂಗಾಬಾದಿಗೆ ಹೋದರು. ಅಂಗಳದಲ್ಲಿ ಬಿಳಿಯ ಸಣ್ಣ ಕಾರು ಹೊಳೆಯುತ್ತಿತ್ತು. ಅಲ್ಲಿಯ ಪದ್ಧತಿಯಂತೆ ಹಿಂದಿನ ಗಾಜಿನ ಮೇಲೆ ಮಗನ ಹೆಸರು: ಮಿಂಚುವ ಕೆಂಪು ದೇವನಾಗರಿ ಅಕ್ಷರದಲ್ಲಿ ‘ಉತ್ಕರ್ಷ’. ನಂಬರು ನಾಸಿಕದ್ದು, ಎಂಎಚ್ ಹದಿನೈದು. ಔರಂಗಾಬಾದಿನವರ ಕಾರಿಗೆ ನಾಸಿಕದ ನಂಬರು ಯಾಕೆ ಎಂದು ಯಾವ ಈರುಳ್ಳಿ ವ್ಯಾಪಾರಿಯಾದರೂ ಕೇಳುತ್ತಿದ್ದ. ಖಡೂಸ್ ಸಾಹೇಬರಿಗೆ ತೋಚಿದ್ದು ಇಷ್ಟೇ: ಅಡ್ಡಿಯಿಲ್ಲ, ನಮ್ಮೂರ ನಂಬರೇ ಇದೆ, ಒಂದು ಕೆಲಸ ಉಳಿಯಿತು. ಕಾಗದದಲ್ಲಿ ನಾಸಿಕದ ಪಂಚವಟಿಯ ಯಾರದೋ ಹೆಸರು ಇರುವುದನ್ನು ಕಂಡಾಗ ಮಾತ್ರ ಅಭ್ಯಾಸಬಲದಿಂದ ಬಾಯಿ ತೆರೆಯಿತು. ವರ್ಗಾವಣೆಯ ಗದ್ದಲದಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಉಳಿದುಬಿಟ್ಟಿತು, ಹಳೆಯ ಮಾಲೀಕರ ಸಹಿ ತಯಾರಿದೆ, ನೇರ ನಿನ್ನ ಹೆಸರಿಗೇ ಆಗುತ್ತದೆ ಎಂದು ರಾಯರು ನಕ್ಕರು. ಕೇಳಿದ್ದಕ್ಕೇ ಸುಧೀರನ ಕಿವಿ ಕೆಂಪಾದವು.

ಭಾನುಮತಿ ಸುಸಲ ತಿನ್ನಿಸಿ, ಕಾರಿಗೆ ಅರಿಶಿನ ಕುಂಕುಮ ಹಚ್ಚಿದರು. ಹರಿವಾಣದಲ್ಲಿ ತೆಂಗಿನಕಾಯಿ ಇಟ್ಟು, ಅದರ ಮೇಲೆ ಕೀಲಿಕೈ ಇಟ್ಟು, ಶರ್ವಾಣಿಯ ಉಡಿಗೆ ಹಾಕಿದರು. ಕಾರು ಹೊರಟಾಗ ಡಿಕ್ಕಿಯ ಮೇಲೊಮ್ಮೆ ಕೈಯಾಡಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸುಧೀರ ಅದನ್ನು ಕನ್ನಡಿಯಲ್ಲಿ ನೋಡಿದ. ಕಾರಿಗೆಂದು ತೆಗೆದ ಸ್ಟಾಫ್ ಸೊಸೈಟಿಯ ಸಾಲ ಪೂರ್ತಿ ಆ ಮನೆಗೆ ಹೋಗಿತ್ತು. ಇನ್ನು ಐದು ವರ್ಷ ಸಂಬಳದಲ್ಲಿ ಕಡಿತ. ಆದರೂ ತಾನು ಕಾರು ಕೊಂಡೆ ಎಂದು ಅವನಿಗೆ ಅನಿಸಲಿಲ್ಲ. ಯಾರೋ ಮನೆಯ ಮಗುವನ್ನು ನಂಬಿ ಒಪ್ಪಿಸಿದ್ದಾರೆ ಎನಿಸಿತು.

ಹೆಸರನ್ನು ಕೆರೆದು ತೆಗೆಯೋಣವೇ ಎಂದು ದಾರಿಯಲ್ಲಿ ಶರ್ವಾಣಿ ಕೇಳಿದಾಗ ಅವನು ಬೇಡ ಎಂದ. ವೈಜಾಪುರದ ಹತ್ತಿರ ಅವಳ ಕಿವಿಯ ಓಲೆ ಸೀಟಿನ ಕೆಳಗೆ ಬಿತ್ತು. ಕೈಹಾಕಿ ತಡಕಾಡಿದಾಗ ಓಲೆಯ ಜೊತೆಗೆ ಒಣಗಿದ ಚೆಂಡುಹೂವಿನ ಎಸಳು ಮತ್ತು ದೀಪದ ಬತ್ತಿಯಿದ್ದ ಎಲೆಯ ದೊನ್ನೆಯ ತುಂಡು ಸಿಕ್ಕಿತು.

“ಎಷ್ಟು ಭಕ್ತಿ ನೋಡ್ರಿ ವೈನಿಯವ್ರದು,” ಎಂದಳು ಶರ್ವಾಣಿ. “ಸೀಟಿನ ಬುಡಕೂ ದೀಪಾ ಹಚ್ಚ್ಯಾರ.”

ಅದನ್ನು ತಂದು ದೇವರ ಗೂಡಿನಲ್ಲಿ ಇಟ್ಟರು.

ಮಳೆಗಾಲದವರೆಗೆ ಕಾರು ಚೆನ್ನಾಗಿಯೇ ಓಡಿತು. ಆಗಾಗ ಒಳಗೆ ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಸುಧೀರ ಅದಕ್ಕೆ ಮಲ್ಲಿಗೆಯ ಸುಗಂಧದ ಡಬ್ಬಿ ತೂಗುಹಾಕಿದ. ಮೊದಲ ಜೋರು ಮಳೆಯಲ್ಲಿ, ಶರ್ವಾಣಿಯ ತಾಯಿಯನ್ನು ಇಗತಪುರಿ ಸ್ಟೇಷನ್ನಿನಿಂದ ಕರೆದುಕೊಂಡು ಬರುವಾಗ, ಘೋಟಿಯ ಪೇಟೆಯ ನಡುಮಧ್ಯದಲ್ಲಿ ಕಾರು ನಿಂತಿತು. ಇಂಜಿನ್ ಮಾತ್ರ ನಿಂತಿತ್ತು, ಉಳಿದದ್ದೆಲ್ಲ ಶುರುವಾಯಿತು. ವೈಪರು ತಾನೇ ಆಡತೊಡಗಿತು, ದೀಪಗಳು ಮಿಣುಕಿದವು, ಹಾರ್ನು ಒಂದೇ ಸಮನೆ ಕೂಗಿಕೊಳ್ಳತೊಡಗಿತು. ಅಕ್ಕಿಯ ಅಂಗಡಿಗಳಿಂದ ಜನ ಕೊಡೆ ಹಿಡಿದು ಬಂದು ಸುತ್ತಲೂ ನಿಂತರು. ಅತ್ತೆ ಸೆರಗನ್ನು ಕಿವಿಗೆ ಒತ್ತಿಕೊಂಡು, ಅಳಿಯ ದೊಡ್ಡ ಹುದ್ದೆಯಲ್ಲಿದ್ದಾನೆಂದು ಕೇಳಿದ್ದೆ, ಇಷ್ಟು ಗದ್ದಲದ ಹುದ್ದೆ ಎಂದು ಗೊತ್ತಿರಲಿಲ್ಲ ಎಂಬಂತೆ ನೋಡಿದರು.

ಯಾರೋ ಕರೆತಂದ ಮೆಕ್ಯಾನಿಕ್ ತಂತಿ ಕಿತ್ತು ಹಾರ್ನಿನ ಬಾಯಿ ಮುಚ್ಚಿಸಿದ. ಆಮೇಲೆ ಕಾಲಿನ ಕೆಳಗಿನ ಹಾಸನ್ನು ಎತ್ತಿದ. ಕೆಳಗೆ ಒಣಗಿ ಬಿರುಕುಬಿಟ್ಟ ಕಂದು ಕೆಸರು, ಕೆರೆಯ ತಳದ ಹಾಗೆ. ನಾಸಿಕದವರು ಗೋದಾವರಿಗೆ ಗಂಗೆ ಎನ್ನುತ್ತಾರೆ. ಸಾಹೇಬ, ಈ ಗಾಡಿಗೆ ಗಂಗಾಸ್ನಾನ ಆಗಿದೆ ಎಂದು ಅವನು ಮರಾಠಿಯಲ್ಲಿ ಹೇಳಿದ. ಹಿಂದಿನ ವರ್ಷ ಬಂದ ಮಹಾಪೂರದಲ್ಲಿ ಪಂಚವಟಿಯ ಕಡೆ ಸ್ಟೇರಿಂಗಿನವರೆಗೆ ಮುಳುಗಿದ ಗಾಡಿಗಳು ಬಹಳ. ತೊಳೆದು ಬಣ್ಣ ಬಳಿದು ದೂರದ ಊರಿನಲ್ಲಿ ಮಾರುತ್ತಾರೆ. ಇದನ್ನು ರಿಪೇರಿ ಮಾಡುವುದೆಂದರೆ ಹೊಸದಾಗಿ ಕಾರು ಕಟ್ಟುವುದು.

ಸುಧೀರ ಪಂಚವಟಿ ಎಂಬ ಹೆಸರನ್ನು ನೆನೆಯುತ್ತಿದ್ದ. ಶರ್ವಾಣಿ ನೆನೆದದ್ದು ಬೇರೆ. ರಾಮಕುಂಡದಲ್ಲಿ ಜನ ನದಿಗೆ ತೇಲಿಬಿಡುವ ದೀಪಗಳು ಅವಳ ಕಣ್ಣ ಮುಂದೆ ಬಂದವು.

“ಆ ದೊನ್ನಿ ವೈನಿ ಇಟ್ಟಿದ್ದಲ್ಲರೀ,” ಎಂದಳು. “ಹೊಳಿ ಇಟ್ಟು ಹೋಗಿದ್ದು.”

ಸುಧೀರ ಅಲ್ಲಿಂದಲೇ ರಾಯರಿಗೆ ಫೋನು ಮಾಡಿದ. ಬೈಯಬೇಕೆಂದಲ್ಲ, ಅಣ್ಣನಿಗೂ ಯಾರೋ ಮೋಸ ಮಾಡಿದ್ದಾರೆ, ಪಾಪ, ಅವರಿಗೆ ಗೊತ್ತಾಗಬೇಕು ಎಂದು. ಕೆಸರಿನ ವಿಷಯವನ್ನೆಲ್ಲ ಹೇಳಿದ.

“ನೋಡ್ರಿ ಸುಧೀರ,” ಎಂದರು ರಾಯರು, “ಹಳೇ ಗಾಡಿ ಅಂದಮ್ಯಾಲೆ ಇವೆಲ್ಲಾ ಇರೂವೇ. ನೀವು ನೋಡೇ ತಗೊಂಡೀರಿ. ನಾ ಏನು ಒತ್ತಾಯ ಮಾಡಿದ್ನೇನು?”

ಅಷ್ಟು ವರ್ಷ ‘ನೀ’, ‘ತಮ್ಮಾ’ ಎಂದಿದ್ದ ಬಾಯಿಯಲ್ಲಿ ಆ ಮರ್ಯಾದೆಯ ‘ನೀವು’ ಕೇಳಿ ಸುಧೀರ ಫೋನು ಇಟ್ಟುಬಿಟ್ಟ. ಮತ್ತೆ ಫೋನು ಮಾಡಿದಾಗಲೆಲ್ಲ ರಾಯರು ಮೀಟಿಂಗಿನಲ್ಲಿ ಇದ್ದರು.

ಕಾರು ನಾಸಿಕದ ಮನೆಯ ಮುಂದೆ ತಾಡಪತ್ರಿ ಹೊದ್ದುಕೊಂಡು ಕೂತಿತು. ಸಂಬಳದ ಕಡಿತ ಮಾತ್ರ ತಪ್ಪದೆ ಓಡುತ್ತಿತ್ತು. ಸುಧೀರ ಮತ್ತೆ ಸ್ಕೂಟರು ಹತ್ತಿದ. ಹಣ ವಾಪಸು ಬರಬೇಕು ಎಂದು ಶರ್ವಾಣಿ ಒಂದೇ ಮಾತು ಹೇಳಿದಳು. ಬರುವುದು ಹೇಗೆ ಎಂಬುದು ಖಡೂಸ್ ಸಾಹೇಬರ ಕೆಲಸ.

ನಾಸಿಕದಲ್ಲಿ ವಾಚನಾಲಯದ ಒಂದು ಕೋಣೆಯಲ್ಲಿ ಸರೋಜಿನಿಬಾಯಿ ಎಂಬ ನಿವೃತ್ತ ಶಿಕ್ಷಕಿ ಶನಿವಾರ ಶನಿವಾರ ಕೂತು, ಅಂಗಡಿಯವರಿಂದ ಮೋಸಹೋದವರಿಗೆ ದಾರಿ ಹೇಳುತ್ತಿದ್ದರು. ಸುಧೀರ ಹೋಗಿ ನಿಂತ. ಅವರು ಕೇಳಿದ ಮೊದಲ ಪ್ರಶ್ನೆ, ಕಾರನ್ನು ಅಂಗಡಿಯಿಂದ ಕೊಂಡಿರಾ, ಸ್ನೇಹಿತರಿಂದ ಕೊಂಡಿರಾ ಎಂದು. ಅಂಗಡಿಯಾದರೆ ಕೂತುಕೊಳ್ಳಿ, ಸ್ನೇಹಿತರಾದರೆ ಚಹಾ ಕುಡಿದು ಹೋಗಿರಿ ಎಂದರು.

ಸುಧೀರ ನಿಂತೇ ಇದ್ದುದನ್ನು ನೋಡಿ ಅವರೇ ಬಿಡಿಸಿ ಹೇಳಿದರು. ಹಳೆಯ ವಸ್ತುವಾದರೂ ಗ್ರಾಹಕನಿಗೆ ಹಕ್ಕಿದೆ. ಮಾರುವುದೇ ಕಸುಬಾದವನು ದೋಷ ಮುಚ್ಚಿಟ್ಟು ಮಾರಿದರೆ, ರಿಪೇರಿ ಮಾಡಿಕೊಡಬೇಕು, ಇಲ್ಲವೇ ವಸ್ತು ವಾಪಸು ಪಡೆದು ಹಣ ಕೊಡಬೇಕು. ನೋಡಿ ತಗೊಂಡಿರಿ ಎಂದರೆ ನಡೆಯುವುದಿಲ್ಲ. ಹಾಸಿನ ಕೆಳಗಿನ ಕೆಸರನ್ನು ಯಾರು ನೋಡುತ್ತಾರೆ? ಎರಡು ವರ್ಷದೊಳಗೆ ಗ್ರಾಹಕ ವೇದಿಕೆಗೆ ದೂರು ಕೊಟ್ಟರೆ ಆಯಿತು. ಆದರೆ ಒಬ್ಬ ಮನುಷ್ಯ ತನ್ನ ಮನೆಯ ಕಾರನ್ನು ಒಮ್ಮೆ ಪರಿಚಯದವನಿಗೆ ಕೊಟ್ಟರೆ ಅವನು ವ್ಯಾಪಾರಿಯಲ್ಲ. ಅಲ್ಲಿ ವೇದಿಕೆಯ ಬಾಗಿಲು ಮುಚ್ಚಿದೆ. ಸಿವಿಲ್ ಕೋರ್ಟಿಗೆ ಹೋಗಿ ತಲೆ ಹಣ್ಣಾಗುವವರೆಗೆ ಕಾಯಬೇಕು.

“ಹಾಗಾದರೆ ಅವರು ಯಾರು?” ಎಂದು ಕೇಳಿದರು ಸರೋಜಿನಿಬಾಯಿ.

“ಅಣ್ಣ,” ಎಂದ ಸುಧೀರ. ಚಹಾ ಕುಡಿದು ಎದ್ದು ಬಂದ.

ಶರ್ವಾಣಿ ಅದನ್ನು ಕೇಳಿ ಹಣೆ ಬಡಿದುಕೊಳ್ಳಲಿಲ್ಲ. ವರ್ಷಕ್ಕೆ ಮೂರು ಕಾರು ಬದಲಿಸುವ ನಿಮ್ಮ ಅಣ್ಣ, ಹಳೆಯ ಕಾರುಗಳನ್ನು ಉಪ್ಪಿನಕಾಯಿ ಹಾಕುತ್ತಾರೇನು, ಒಮ್ಮೆ ಹೋಗಿ ನೋಡಿ ಬನ್ನಿ ಎಂದಳು ಅಷ್ಟೇ.

ರಜೆ ಹಾಕಿ ಔರಂಗಾಬಾದಿಗೆ ಹೋದ. ಬಳಗದ ಹಿರಿಯರಾದ ಧರ್ಮಣ್ಣನವರನ್ನು ಮೊದಲು ಕಂಡ. ಅವರೂ ಹಿಂದೆ ರಾಯರಿಂದ ಒಂದು ಕಾರು ಪಡೆದವರು. ಅದು ಯಾವಾಗಲೂ ಗ್ಯಾರೇಜಿನಲ್ಲೇ ಇರುತ್ತದೆ ಎಂದು ನಗುತ್ತಾ ಒಪ್ಪಿಕೊಂಡರು. ಅದನ್ನು ತಂದದ್ದು ಎಲ್ಲಿಂದ ಎಂದರೆ, ದೌಲತಾಬಾದ್ ರಸ್ತೆಯಲ್ಲಿ ದತ್ತು ಎಂಬವನ ಬಯಲಿನಿಂದ. ರಾಯರ ಗಾಡಿಗಳು ತೊಳೆಯಲು ಅಲ್ಲಿಗೇ ಹೋಗುತ್ತವೆ.

ದತ್ತುವಿನ ಬಯಲು ಪೇರಲ ಹಣ್ಣಿನ ಗಾಡಿಗಳನ್ನು ದಾಟಿದ ಮೇಲೆ ಸಿಕ್ಕಿತು. ತಗಡಿನ ಚಪ್ಪರದ ಕೆಳಗೆ ಕಾರುಗಳು ರಸ್ತೆಗೆ ಬೆನ್ನು ಮಾಡಿ ಸಾಲಾಗಿ ನಿಂತಿದ್ದವು. ಸುಧೀರ ಮೊದಲನೆಯ ಕಾರಿನ ಹಿಂದಿನ ಗಾಜನ್ನು ನೋಡಿದ. ಕೆಂಪು ಅಕ್ಷರದಲ್ಲಿ ‘ಉತ್ಕರ್ಷ’. ಎರಡನೆಯದರ ಮೇಲೆ ಉತ್ಕರ್ಷ. ಅದರಾಚೆಯ ನೀಲಿ ಕಾರಿನ ಮೇಲೆ, ಅದರಾಚೆಯದರ ಮೇಲೆ, ಉತ್ಕರ್ಷ, ಉತ್ಕರ್ಷ. ಕೊನೆಯ ಕಾರಿನ ಗಾಜಿಗೆ ಅರ್ಧ ಹೆಸರಷ್ಟೇ ಅಂಟಿತ್ತು. ಉಳಿದರ್ಧವನ್ನು ದತ್ತು ಬಟ್ಟೆಯಿಂದ ಒತ್ತುತ್ತಿದ್ದ.

ಗಿರಾಕಿ ಎಂದುಕೊಂಡು ದತ್ತು ಹಲ್ಲು ಕಿರಿದ. ಇವೆಲ್ಲ ಮನೆಯಲ್ಲಿ ಬಳಸಿದ ಗಾಡಿಗಳು, ಸಾಹೇಬ. ಬ್ಯಾಂಕಿನ ದೊಡ್ಡ ಸಾಹೇಬರ ಮಾಲು. ಮಗನ ಹೆಸರು ಇನ್ನೂ ಹಾಗೇ ಇದೆ ನೋಡಿ, ಬೇಕಾದರೆ ಇಟ್ಟುಕೊಳ್ಳಿ. ಸುಧೀರ ಮೊಬೈಲು ತೆಗೆದು ಸಾಲಿನ ಫೋಟೊ ಹೊಡೆದ. ಹೆಂಡತಿಗೆ ತೋರಿಸಲಿಕ್ಕೆ ಎಂದ. ಅದು ಸುಳ್ಳೇನೂ ಅಲ್ಲ.

ಅಲ್ಲಿಂದ ನೇರ ರಾಯರ ಮನೆಗೆ ನಡೆದ. ರಾಯರು ಬ್ಯಾಂಕಿನಲ್ಲಿದ್ದರು. ಬಾಗಿಲು ತೆರೆದ ಭಾನುಮತಿ ಅವನ ಮುಖ ನೋಡಿದ ಕೂಡಲೇ ಒಳಗೆ ಹೋಗಿ ನೀರು ತಂದರು. ಅವನು ಬಯಲಿನಲ್ಲಿ ಕಂಡದ್ದನ್ನು ಹೇಳಿದ. ಕೇಳಬೇಕೆಂದಿದ್ದ ಪ್ರಶ್ನೆಗಳೆಲ್ಲ ಮರೆತುಹೋಗಿ ಒಂದೇ ಉಳಿಯಿತು.

“ವೈನಿ, ಅವತ್ತು ನೀವು ಅತ್ತಿದ್ದು?”

ಭಾನುಮತಿ ಲೋಟದ ಅಂಚನ್ನು ಒರೆಸಿದರು.

“ಅಳು ಖರೇನೇ ಬಂದಿತ್ತೋ ತಮ್ಮಾ,” ಎಂದರು. “ಪ್ರತಿ ಸಲಾನೂ ಬರ್ತದ.”

ಸುಧೀರ ದೂರು ಬರೆಯಲು ಕೂತ ಹೊತ್ತಿಗೆ ಧರ್ಮಣ್ಣನವರು ನಾಸಿಕದವರೆಗೆ ಬಂದರು. ಬ್ಯಾಂಕಿನವನು ವ್ಯಾಪಾರ ಮಾಡುವ ಹಾಗಿಲ್ಲ, ಇದು ಹೊರಬಿದ್ದರೆ ಪ್ರಭಾಕರನ ನೌಕರಿಗೆ ಕುತ್ತು ಬರುತ್ತದೆ, ನಮ್ಮವರ ಮಾತನ್ನು ನಾಲ್ಕು ಜನರ ಮುಂದೆ ಹರವಬೇಡ ಎಂದು ಬುದ್ಧಿ ಹೇಳಿದರು. ಬರೇ ದತ್ತುವಿನ ಮೇಲೆ ದೂರು ಹಾಕು ಎಂದರು. ಆದರೆ ದತ್ತು ಸುಧೀರನಿಗೆ ಏನನ್ನೂ ಮಾರಿರಲಿಲ್ಲ. ಹಣ ಪಡೆದವರು ರಾಯರು. ರಾಯರನ್ನು ವ್ಯಾಪಾರಿ ಎಂದು ಬರೆಯದಿದ್ದರೆ ವೇದಿಕೆಯ ಬಾಗಿಲು ತೆರೆಯುವುದಿಲ್ಲ. ನಿಮ್ಮ ಕಾರನ್ನು ಹೇಗೆ ಕೊಂಡಿರಿ ಎಂದು ಬಂದು ಹೇಳುತ್ತೀರಾ ಎಂದು ಸುಧೀರ ಕೇಳಿದ. ಧರ್ಮಣ್ಣನವರಿಗೆ ಬಸ್ಸಿನ ಹೊತ್ತಾಯಿತು.

ರಾಯರನ್ನು ವ್ಯಾಪಾರಿ ಎನ್ನುವ ಆ ವಾಕ್ಯವನ್ನು ಬರೆಯಲು ಅವನಿಗೆ ಒಂದು ವಾರ ಹಿಡಿಯಿತು. ಎದುರುದಾರರು ಹಳೆಯ ಕಾರುಗಳ ಮಾರಾಟ ಮಾಡುವವರಾಗಿದ್ದು... ಬರೆದು ಮುಗಿಸಿ ಸರೋಜಿನಿಬಾಯಿಯವರ ಎದುರು ಇಟ್ಟಾಗ ಈ ಸಲ ಅವರು ಕುರ್ಚಿ ತೋರಿಸಿದರು.

ಪ್ರಕರಣ ಔರಂಗಾಬಾದಿನ ವೇದಿಕೆಯಲ್ಲಿ ನಡೆಯಿತು. ರಾಯರು ಸುಳ್ಳು ಹೇಳುತ್ತಾರೆಂದು ಸುಧೀರ ಸಿದ್ಧನಾಗಿ ಹೋಗಿದ್ದ. ಕೆಸರು ನಮ್ಮದಲ್ಲ ಎನ್ನಬಹುದು, ಇವನೇ ಹೊಳೆಗೆ ಇಳಿಸಿದ ಎನ್ನಬಹುದು. ಆದರೆ ಅವರ ವಕೀಲ ಎದ್ದು ನಿಂತು ಹೇಳಿದ್ದೆಲ್ಲ ಸತ್ಯವೇ ಆಗಿತ್ತು. ದೂರುದಾರ ನಮ್ಮ ಕಕ್ಷಿದಾರರ ಮನೆಯಲ್ಲಿ ತಮ್ಮನ ಹಾಗೆ ಉಂಡು ಬೆಳೆದವನು. ಕಾಯಿಲೆ ಬಿದ್ದಾಗ ಅವರ ಪತ್ನಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಆರೈಕೆ ಮಾಡಿದ್ದಾರೆ. ಕಾರನ್ನು ತೆಂಗಿನಕಾಯಿಯ ಜೊತೆ ಉಡಿ ತುಂಬಿ ಕೊಟ್ಟಿದ್ದಾರೆ. ಆದ್ದರಿಂದ ಇದು ಪ್ರೀತಿಯ ಕೊಡುಕೊಳ್ಳುವಿಕೆಯೇ ಹೊರತು ವ್ಯಾಪಾರವಲ್ಲ. ಇವನು ಗ್ರಾಹಕನೇ ಅಲ್ಲ.

ಸುಧೀರ ಕುರ್ಚಿಯ ಅಂಚನ್ನು ಹಿಡಿದುಕೊಂಡ. ಗಂಜಿ, ಬೇವು, ಭಾನುವಾರದ ರೊಟ್ಟಿ, ಎಲ್ಲವೂ ಒಂದೊಂದಾಗಿ ಮೇಜಿನ ಮೇಲೆ ಬಂದು ಅವನ ವಿರುದ್ಧ ಸಾಕ್ಷಿ ನಿಂತವು. ಕಾರಿನ ವಿಷಯದಲ್ಲಿ ಮೋಸಹೋದದ್ದನ್ನು ಅವನು ಎಷ್ಟೋ ಸಲ ತಮಾಷೆ ಮಾಡಿಕೊಂಡಿದ್ದ. ಇದನ್ನು ತಮಾಷೆ ಮಾಡಲು ಆಗಲಿಲ್ಲ. ಅದರಲ್ಲಿ ಒಂದು ಮಾತನ್ನಾದರೂ ಸುಳ್ಳೆಂದು ಹೇಳಲು ಬರುವಂತಿರಲಿಲ್ಲ.

ವೇದಿಕೆಯ ಅಧ್ಯಕ್ಷರು ಫೋಟೊವನ್ನು ಕೈಗೆತ್ತಿಕೊಂಡು ಸಾಲಾಗಿ ನಿಂತ ಗಾಜುಗಳನ್ನು ನೋಡಿದರು. ನಿಮಗೆ ಮಕ್ಕಳೆಷ್ಟು ಎಂದು ರಾಯರನ್ನು ಕೇಳಿದರು. ಒಬ್ಬನೇ ಮಗ ಎಂದರು ರಾಯರು. ಒಬ್ಬ ಮಗನಿಗೆ ಇಷ್ಟು ಕಾರುಗಳೇ ಎಂದು ಕೇಳಿ ಅಧ್ಯಕ್ಷರು ಸಾಕ್ಷಿಗೆ ಕರೆಸಿದ್ದ ದತ್ತುವಿನ ಕಡೆ ತಿರುಗಿದರು. ದತ್ತು ತನ್ನ ತಲೆ ಉಳಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳಲಿಲ್ಲ. ಗಾಡಿಗಳೆಲ್ಲ ಸಾಹೇಬರವು, ತನಗೆ ಬರುವುದು ಜಾಗದ ಬಾಡಿಗೆ ಮಾತ್ರ ಎಂದ.

ಮುಂದಿನ ವರ್ಷ ಆದೇಶ ಬಂತು. ಮಾರುವುದೇ ಕಸುಬು, ದೋಷ ಮುಚ್ಚಿಟ್ಟದ್ದು ಹೌದು. ಕಾರು ವಾಪಸು ಪಡೆದು ಪೂರ್ತಿ ಹಣವನ್ನು ಬಡ್ಡಿ ಸಮೇತ ಕೊಡಬೇಕು. ರಾಯರನ್ನು ಬ್ಯಾಂಕು ದೂರದ ಯಾವುದೋ ಶಾಖೆಗೆ ಎತ್ತಿಹಾಕಿ ವಿಚಾರಣೆ ಶುರುಮಾಡಿತು. ರಾಜ್ಯೋತ್ಸವಕ್ಕೆ ಬಳಗದಿಂದ ಸುಧೀರನಿಗೆ ಕರೆ ಬರಲಿಲ್ಲ.

ಕಾರನ್ನು ಲಾರಿಗೆ ಕಟ್ಟಿಸಿಕೊಂಡು ಒಯ್ಯುವ ದಿನ ಶರ್ವಾಣಿ ದೇವರ ಗೂಡಿನಲ್ಲಿದ್ದ ದೊನ್ನೆಯ ತುಂಡನ್ನೂ ಎಸಳನ್ನೂ ಕಾಗದದಲ್ಲಿ ಕಟ್ಟಿ ಕೊಟ್ಟಳು. ಕಾರಿನ ಜೊತೆ ಬಂದದ್ದು ಕಾರಿನ ಜೊತೆಗೇ ಹೋಗಲಿ ಎಂದಳು. ಸುಧೀರ ಅದನ್ನು ಸ್ಟೇರಿಂಗಿನ ಮುಂದೆ ಇಟ್ಟ.

ರಾಯರ ಮನೆಯ ಅದೇ ಅಂಗಳದಲ್ಲಿ ಕಾರು ಇಳಿಯಿತು. ರಜೆಯ ಮೇಲೆ ಬಂದಿದ್ದ ರಾಯರು ಡಿಡಿಯನ್ನು ಕಿಟಕಿಯಿಂದಲೇ ಚಾಚಿ ಕೊಟ್ಟು ಒಳಗೆ ಹೋದರು. ಸುಧೀರ ಕೀಲಿಕೈಯನ್ನು ಕಟ್ಟೆಯ ಮೇಲೆ ಇಟ್ಟು ತಿರುಗುವಷ್ಟರಲ್ಲಿ ಭಾನುಮತಿ ಹೊರಗೆ ಬಂದರು. ಅವರ ಕೈಯಲ್ಲಿ ಬ್ಲೇಡು ಇತ್ತು. ಅವನ ಕಡೆ ನೋಡದೆ ಕಾರಿನ ಹಿಂದೆ ನಿಂತು ಮಗನ ಹೆಸರನ್ನು ಗಾಜಿನಿಂದ ಕೆರೆಯತೊಡಗಿದರು. ಕೆಂಪು ಮಿಂಚು ಸಣ್ಣ ಸಣ್ಣ ಚೂರಾಗಿ ಅವರ ಸೀರೆಯ ಮೇಲೆ ಬೀಳುತ್ತಿತ್ತು.

ಸುಧೀರ ನೋಡುತ್ತ ನಿಂತ. ಹಿಂದೆಯಾಗಿದ್ದರೆ, ವೈನಿಗೆ ಸಾಕಾಗಿದೆ, ಇನ್ನು ಮಗನ ಹೆಸರಿನಲ್ಲಿ ಈ ಕೆಲಸ ನಡೆಯಲು ಬಿಡುವುದಿಲ್ಲ ಎಂದು ಅವನಿಗೆ ತಟ್ಟನೆ ಅರ್ಥವಾಗುತ್ತಿತ್ತು. ಈಗ ಇನ್ನೊಂದು ಅರ್ಥವೂ ಪಕ್ಕಕ್ಕೆ ಬಂದು ನಿಂತಿತು: ಈ ಹೆಸರು ವೇದಿಕೆಯಲ್ಲಿ ಕೆಟ್ಟಿದೆ, ಮುಂದಿನ ಗಿರಾಕಿಗೆ ಬೇರೆ ಹೆಸರು ಬೇಕು. ಅವರ ಕೈಯನ್ನು ನೋಡಿದ, ಬಗ್ಗಿದ ಬೆನ್ನನ್ನು ನೋಡಿದ. ಯಾವುದು ಎಂದು ತಿಳಿಯಲಿಲ್ಲ.

“ಉಂಡು ಹೋಗ್ತೀರೇನ್ರಿ?” ಎಂದು ಭಾನುಮತಿ ತಿರುಗದೆ ಕೇಳಿದರು.

ಊಟ ಆಗಿದೆ ಎಂದು ಹೇಳಿ ಹೊರಟ. ಬೆಳಗಿನಿಂದ ಏನೂ ತಿಂದಿರಲಿಲ್ಲ. ವೈಜಾಪುರದ ನಿಲ್ದಾಣದಲ್ಲಿ ಬಸ್ಸು ನಿಂತಾಗ ಕಿಟಕಿಗೆ ವಡಾಪಾವಿನವನು ಬಂದ. ಸುಧೀರ ಒಂದು ತೆಗೆದುಕೊಂಡು ಬಿಲ್ ಕೇಳಿದ. ವಡಾಪಾವಿಗೆ ಬಿಲ್ ಕೇಳಿದವರನ್ನು ಆ ಮಾರುವವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

“ಘರಚಂಚ್ ಸಮಜಾ, ಸಾಹೇಬ್,” ಎಂದು ನಕ್ಕ. ಮನೆಯದೇ ಎಂದು ತಿಳಿಯಿರಿ.

ಸುಧೀರ ವಡೆಯನ್ನು ಎರಡು ಹೋಳು ಮಾಡಿ, ಒಳಗೆ ಏನಿದೆ ಎಂದು ಬಸ್ಸು ಹೊರಡುವವರೆಗೂ ನೋಡುತ್ತ ಕೂತ.